ಬುತ್ತಿ ಮುಗಿಯುವ ಮುನ್ನ

ನೇಗಿಲ ಸಾಲಿನ ಹಿಂದೆ ಬಗ್ಗಿ ನಡೆಯುತ್ತಿದ್ದ ಹೆಣ್ಣುಮಗಳ ಮುಷ್ಟಿಯಿಂದ ಜಾರಿದ ಮೆಕ್ಕೆಜೋಳದ ಕಾಳು ಜಗಳೂರು ಸೀಮೆಯ ಕೆಂಪು ಮಣ್ಣಿನಲ್ಲಿ ಮೂರು ಬೆರಳು ಆಳಕ್ಕೆ ಬಿತ್ತು. ಹಿಂದೆಯೇ ಬಂದ ಕುಂಟೆ ಮಣ್ಣೆಳೆದು ಮುಚ್ಚಿತು. ಕತ್ತಲು. ಮೃಗಶಿರ ಮಳೆ ಹದಕ್ಕೆ ಬಿದ್ದು ಎರಡು ದಿನವಾಗಿದೆ, ಮುಂದಿನದು ಯಾವಾಗ ಎಂದು ಮೋಡ ಯಾರಿಗೂ ಮಾತು ಕೊಟ್ಟಿಲ್ಲ. ಮೇಲ್ಮಣ್ಣು ಆಗಲೇ ಆರತೊಡಗಿದೆ. ಕಾಳಿನ ತೂಕ ಸುಮಾರು 300 ಮಿಲಿಗ್ರಾಂ. ಅದರೊಳಗೆ ಮಲಗಿರುವ ಒಂದು ಭ್ರೂಣ, ಆ ಭ್ರೂಣಕ್ಕೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ, ಇಷ್ಟೇ ಆಸ್ತಿ. ಬುತ್ತಿ ಬರಿದಾಗುವುದರೊಳಗೆ ನೆಲ ಸೀಳಿ, ಬೆಳಕು ಮುಟ್ಟಿ, ಎಲೆ ಬಿಚ್ಚಿ, ತನ್ನ ಅನ್ನ ತಾನು ದುಡಿದುಕೊಳ್ಳಬೇಕು. ತಪ್ಪಿದರೆ ಬಿದ್ದಲ್ಲೇ ಗೋರಿ.

ಮೊದಲ ಕೆಲಸ ನೀರು ಕುಡಿಯುವುದು. ಚೀಲದಿಂದ ಬಂದಾಗ ಕಾಳಿನಲ್ಲಿದ್ದ ತೇವ ಶೇ 10-12ರಷ್ಟು. ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ನೀರನ್ನು ಹೀರದೆ ಅದು ಕಣ್ಣು ಬಿಡದು. ಮಣ್ಣಿನ ಕಣಕ್ಕೆ ಅಂಟಿದ ನೀರನ್ನು ಕಾಳು ಎಳೆಯುತ್ತದೆ, ಬಿಸಿಲು ಅದೇ ನೀರನ್ನು ಮೇಲಕ್ಕೆ ಎಳೆಯುತ್ತದೆ. ಜಗ್ಗಾಟದಲ್ಲಿ ಕಾಳು ಗೆದ್ದಿತು, ಉಬ್ಬಿತು. ಕೆಲವೇ ಗಂಟೆಗಳಲ್ಲಿ ಒಳಗಿನ ಜೀವಕೋಶಗಳು ಉಸಿರಾಡತೊಡಗಿದವು. ತಿಂಗಳುಗಟ್ಟಲೆ ಒಣಗಿ ಸುಕ್ಕಾಗಿದ್ದ ಮೈಟೊಕಾಂಡ್ರಿಯಗಳು, ಅಂದರೆ ಸಕ್ಕರೆಯನ್ನು ಉರಿಸಿ ಎಟಿಪಿ ಎಂಬ ಶಕ್ತಿಯ ಚಿಲ್ಲರೆ ಹಣ ತಯಾರಿಸುವ ಕಣದಂಗಗಳು, ತಮ್ಮ ಪೊರೆಗಳನ್ನು ರಿಪೇರಿ ಮಾಡಿಕೊಳ್ಳುತ್ತಲೇ ದುಡಿಯಲು ನಿಂತವು.

ಇದುವರೆಗೆ ಅದು ಮಲಗಿದ್ದೇಕೆ? ತೆನೆಯಲ್ಲಿದ್ದಾಗಲೂ ನೀರಿತ್ತು, ಬೆಚ್ಚಗಿತ್ತು, ಪಿಷ್ಟ ತುಂಬಿತ್ತು. ಆದರೂ ಮೊಳೆಯದಂತೆ ತಡೆದದ್ದು ಅಬ್ಸಿಸಿಕ್ ಆಮ್ಲ ಎಂಬ ಚೋದಕ. ಅದನ್ನು ತಯಾರಿಸಲಾಗದ ಮೆಕ್ಕೆಜೋಳದ ರೂಪಾಂತರಿಗಳಿವೆ. ಅವುಗಳ ಕಾಳು ಗಿಡದ ಮೇಲೆ, ತೆನೆಯಲ್ಲೇ ಮೊಳೆತು ಹಾಳಾಗುತ್ತದೆ. ಹಾಗಾಗಿ ಈ ಆಮ್ಲವನ್ನು ಬೆಳವಣಿಗೆಯ ಶತ್ರು ಎಂದು ಪಠ್ಯಪುಸ್ತಕಗಳು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಇನ್ನು ಕೆಲವು ದಿನಗಳಲ್ಲಿ ಇದೇ ಶತ್ರು ಈ ಮೊಳಕೆಯ ಪ್ರಾಣ ಉಳಿಸಲಿದೆ.

ನೀರು ಒಳಹೊಕ್ಕಂತೆ ಅಬ್ಸಿಸಿಕ್ ಆಮ್ಲದ ಹಿಡಿತ ಸಡಿಲಿತು, ಜಿಬ್ಬರೆಲಿನ್ ಎಂಬ ಇನ್ನೊಂದು ಚೋದಕ ಎದ್ದಿತು. ಮೆಕ್ಕೆಜೋಳದ ಕಾಳನ್ನು ಉದ್ದಕ್ಕೆ ಸೀಳಿ ನೋಡಿ: ತುದಿಯ ಕಡೆ ಬೆಣ್ಣೆ ಬಣ್ಣದ ಮೆತ್ತನೆಯ ಭ್ರೂಣ, ಅದರ ಬೆನ್ನಿಗೆ ಅಂಟಿದ ಗುರಾಣಿಯಾಕಾರದ ತೆಳು ಹಲ್ಲೆ, ಅದರಾಚೆ ಹಳದಿ-ಬಿಳಿ ಪಿಷ್ಟದ ರಾಶಿ. ಆ ಹಲ್ಲೆಗೆ ಸ್ಕುಟೆಲಮ್ ಎನ್ನುತ್ತಾರೆ. ಬುತ್ತಿಯ ಗಂಟು ಬಿಚ್ಚುವುದು ಅದರ ಕೆಲಸ. ಅಲ್ಲಿಂದ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ರಾಶಿಗೆ ಹರಿಯುತ್ತದೆ. ಬಿಡಿಸಿಕೊಂಡ ಗ್ಲೂಕೋಸನ್ನು ಸ್ಕುಟೆಲಮ್ ಹೀರಿ, ಸುಕ್ರೋಸ್ ಮಾಡಿ, ಬೇರಿನ ತುದಿಗೂ ಮೊಳಕೆಯ ತುದಿಗೂ ಸಾಗಿಸುತ್ತದೆ. ಕಾಳಿನ ಅಂಚಿನ ಅಲ್ಯೂರಾನ್ ಪದರ ಆಮೇಲೆ ಕೈಗೂಡಿಸುತ್ತದೆ. ಜಿಬ್ಬರೆಲಿನ್ ತಾಕಿದರೆ ಈ ಪದರ ಅಮೈಲೇಸ್ ಸುರಿಸುತ್ತದೆ ಎಂಬುದನ್ನು 1960ರಲ್ಲಿ ಜಪಾನಿನ ಯೋಮೊ, ಆಸ್ಟ್ರೇಲಿಯಾದ ಪಾಲೆಗ್ ಬೇರೆಬೇರೆಯಾಗಿ ಬಾರ್ಲಿಯಲ್ಲಿ ಕಂಡರು.

ಎರಡನೆಯ ದಿನ ಬೇರು ಸಿಪ್ಪೆ ಒಡೆದು ಹೊರಬಂತು. ಕೆಳಗಿಳಿಯಿತು.

ಇಲ್ಲಿಂದ ಲೆಕ್ಕಾಚಾರ. ಸಕ್ಕರೆ ಬರುತ್ತಿದೆ ಎಂದು ಮನಸ್ಸಿಗೆ ಬಂದಂತೆ ಖರ್ಚು ಮಾಡುವಂತಿಲ್ಲ. ಪ್ರತಿ ಜೀವಕೋಶದಲ್ಲೂ ಇಬ್ಬರು ಕಾರುಬಾರಿಗಳು ಎದುರುಬದುರು ಕೂತಿದ್ದಾರೆ. ಟಾರ್ ಎಂಬ ಕಿಣ್ವ ಗ್ಲೂಕೋಸ್ ಕಂಡರೆ ಎಚ್ಚೆತ್ತು, ಕೋಶ ಒಡೆಯಲಿ, ಪ್ರೋಟೀನು ಕಟ್ಟಲಿ, ಬೆಳೆಯಲಿ ಎನ್ನುತ್ತದೆ. ಸ್ನರ್ಕ್-1 ಎಂಬುದು ಸಕ್ಕರೆ ಇಳಿಯಿತೆಂದರೆ ಎದ್ದು ನಿಂತು, ಕಟ್ಟುವ ಕೆಲಸ ನಿಲ್ಲಿಸಿ, ಇರುವುದನ್ನು ಒಡೆದು ಬದುಕಿ ಎನ್ನುತ್ತದೆ. ಚೋದಕಗಳು ಈ ಇಬ್ಬರ ಕಿವಿಯಲ್ಲಿ ಮಾತಾಡುತ್ತವೆ. ಆಕ್ಸಿನ್ ಟಾರ್‌ಗೆ ಬಲ ಕೊಡುತ್ತದೆ. ಅಬ್ಸಿಸಿಕ್ ಆಮ್ಲ ಸ್ನರ್ಕ್ ಬಳಗದ ಬೀಗ ತೆಗೆಯುತ್ತದೆ. ಟಾರ್ ಕೂಡ ಸುಮ್ಮನಿರುವುದಿಲ್ಲ, ಒಳ್ಳೆಯ ದಿನಗಳಲ್ಲಿ ಅಬ್ಸಿಸಿಕ್ ಆಮ್ಲದ ಮಾತು ಕೇಳಿಸಿಕೊಳ್ಳುವ ಗ್ರಾಹಕಗಳ ಬಾಯನ್ನೇ ಮುಚ್ಚಿಸುತ್ತದೆ. ಇದರಲ್ಲಿ ಬಹುಪಾಲು ತಿಳಿದದ್ದು ಅರಾಬಿಡಾಪ್ಸಿಸ್ ಎಂಬ ಸಾಸಿವೆ ಬಳಗದ ಪುಟ್ಟ ಕಳೆಯಲ್ಲಿ, ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ. ಚೋದಕದಲ್ಲಿ ಕ್ಯಾಲೊರಿ ಇಲ್ಲ. ಅದು ಒಂದು ಸಕ್ಕರೆಯ ಅಣುವನ್ನೂ ತಂದುಕೊಡುವುದಿಲ್ಲ. ಬುತ್ತಿಯ ಯಾವ ತುತ್ತು ಬೇರಿಗೆ, ಯಾವ ತುತ್ತು ಚಿಗುರಿಗೆ, ಯಾವುದನ್ನು ನಾಳೆಗೆ ಇಡಬೇಕು ಎಂದು ಹೇಳುವ ಅಪ್ಪಣೆ ಮಾತ್ರ ಅದರದು. ಆ ಅಪ್ಪಣೆ ಒಂದು ದಿನ ತಪ್ಪಿದರೆ ಸಾಕು.

ಮೂರನೆಯ ದಿನ ಮೊಳಕೆಯ ಭಲ್ಲೆ ಮೇಲಕ್ಕೆ ಹೊರಟಿತು. ಮೊದಲ ಎಲೆಗಳನ್ನು ಸುರುಳಿ ಸುತ್ತಿ ಒಳಗಿಟ್ಟುಕೊಂಡ ಚೂಪಾದ ಕವಚ ಅದು, ಕೋಲಿಯಾಪ್ಟೈಲ್. ಅದನ್ನು ತಳದಿಂದ ನೂಕುವುದು ಮೀಸೊಕೋಟೈಲ್ ಎಂಬ ಬಿಳಿ ಕಾಂಡ. ಕವಚದ ತುದಿಯಲ್ಲಿ ತಯಾರಾದ ಆಕ್ಸಿನ್ ಕೆಳಗಿಳಿಯುತ್ತಾ ಹೋದಲ್ಲೆಲ್ಲ ಕೋಶಗಳ ಪಂಪುಗಳು ಎಟಿಪಿ ಉರಿಸಿ ಗೋಡೆಯ ಕಡೆಗೆ ಪ್ರೋಟಾನುಗಳನ್ನು ತಳ್ಳುತ್ತವೆ, ಗೋಡೆ ಸಡಿಲವಾಗುತ್ತದೆ, ನೀರು ನುಗ್ಗಿ ಕೋಶ ಉದ್ದವಾಗುತ್ತದೆ. ಇಲ್ಲಿಯ ಜಿಪುಣತನ ನೋಡಿ: ಹೊಸ ಕೋಶಗಳನ್ನು ಕಟ್ಟುವುದು ದುಬಾರಿ, ಇದ್ದ ಕೋಶಕ್ಕೆ ನೀರು ತುಂಬಿ ಹಿಗ್ಗಿಸುವುದು ಅಗ್ಗ. ಕತ್ತಲಲ್ಲಿ ಮೊಳಕೆ ಮುಖ್ಯವಾಗಿ ಈ ಅಗ್ಗದ ದಾರಿಯಲ್ಲೇ ಓಡುತ್ತದೆ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಹೋಪಿ ಜನ ಬಿತ್ತುವ ಮೆಕ್ಕೆಜೋಳ ಒಂದಡಿ ಆಳದಿಂದಲೂ ಹೀಗೆ ನೂಕಿಕೊಂಡು ಬರುತ್ತದೆ. ನಮ್ಮ ಹೈಬ್ರಿಡ್ ಕಾಳಿಗೆ ಅಷ್ಟು ಉಸಿರಿಲ್ಲ.

ಆ ಹೊತ್ತಿಗೆ ಹತ್ತು ನಿಮಿಷ ಬಿರುಸಾಗಿ ಹೊಡೆದ ಮಳೆಯೊಂದು ಬಂದು ಹೋಯಿತು. ಕೆಡುಕು ಮಾಡಿದ್ದು ಅದೇ. ಮಸಾರಿ ಮಣ್ಣಿನ ಮೇಲೆ ಹನಿಗಳು ಬಡಿದು ಕಣಗಳನ್ನು ನುಣ್ಣಗೆ ಮಾಡಿದವು, ಮರುದಿನದ ಬಿಸಿಲು ಅದನ್ನು ಸುಟ್ಟು ಹೆಂಚಾಗಿಸಿತು. ಬೆಳಗ್ಗೆ ಬದುವಿನ ಮೇಲಿಂದ ರೈತನ ತಾಯಿ ಕೇಳಿದಳು:

“ಹುಟ್ಟೈತೇನಪ್ಪಾ?”

“ಎಲ್ಲೈತವ್ವ, ಮೇಲ್ಮಣ್ಣು ಗಟ್ಟಿಯಾಗಿ ಕುಂತೈತೆ.”

ಹೆಂಚಿನ ಕೆಳಗೆ ಭಲ್ಲೆ ತಲೆ ತಾಗಿಸಿತು. ತಳ್ಳಿತು. ಅಲುಗಲಿಲ್ಲ. ಒತ್ತಡಕ್ಕೆ ಸಿಕ್ಕ ಸಸಿಯಿಂದ ಎಥಿಲೀನ್ ಅನಿಲ ಹೊರಡುತ್ತದೆ. ಸೇಂಟ್ ಪೀಟರ್ಸ್‌ಬರ್ಗಿನ ಪ್ರಯೋಗಾಲಯದಲ್ಲಿ ದ್ಮಿತ್ರಿ ನೆಲ್ಯುಬೊವ್ ಬೆಳೆಸಿದ ಬಟಾಣಿ ಮೊಳಕೆಗಳು ಗ್ಯಾಸ್ ದೀಪದ ಗಾಳಿ ಕುಡಿದು ಕುಳ್ಳಾಗಿ, ದಪ್ಪವಾಗಿ, ಅಡ್ಡಡ್ಡ ಬೆಳೆದದ್ದರಿಂದ 1901ರಲ್ಲಿ ಈ ಅನಿಲದ ಕೈವಾಡ ಬಯಲಾಯಿತು. ಪ್ರಯೋಗಾಲಯದಲ್ಲಿ ಅದು ವಿಕಾರ, ಹೆಂಚಿನ ಕೆಳಗೆ ಅದೇ ಬಲ: ಉದ್ದಕ್ಕೆ ಹೋಗುವ ಸಕ್ಕರೆ ಅಡ್ಡಕ್ಕೆ ಹರಿದು ಕಾಂಡ ದಪ್ಪವಾಗುತ್ತದೆ, ಬಾಗದೆ ಒತ್ತುತ್ತದೆ. ಬೇರಿಗೂ ಅದೇ ಸುದ್ದಿ. ಗಟ್ಟಿ ಮಣ್ಣಿನ ಸಂದುಗಳಿಂದ ಎಥಿಲೀನ್ ಆಚೆ ಹೋಗಲಾರದೆ ಬೇರಿನ ಸುತ್ತಲೇ ಮಡುಗಟ್ಟುತ್ತದೆ, ಅದನ್ನು ಅರಿತ ಬೇರು ಅತ್ತ ನುಗ್ಗುವ ಖರ್ಚು ನಿಲ್ಲಿಸುತ್ತದೆ. ನಾಟಿಂಗ್‌ಹ್ಯಾಮ್‌ನ ಬಿಪಿನ್ ಪಾಂಡೆ ಮತ್ತು ಸಂಗಡಿಗರು 2021ರಲ್ಲಿ ಇದನ್ನು ತೋರಿಸಿದರು. ಮಣ್ಣು ತೂರಲಾಗದಷ್ಟು ಗಟ್ಟಿ ಎಂದಲ್ಲ, ಗಟ್ಟಿ ಎಂಬ ಸುದ್ದಿ ಕೇಳಿಯೇ ಬೇರು ನಿಲ್ಲುತ್ತದೆ.

ಈ ಘಳಿಗೆಯಲ್ಲಿ ಎಷ್ಟೋ ಸಸಿಗಳು ಸಾಯುವುದು ಸಣ್ಣದೊಂದು ಮೋಸಕ್ಕೆ. ಹೆಂಚು ಬಿರಿದು ಬೆಳಕಿನ ಎಳೆಯೊಂದು ಒಳಗಿಳಿದು ಕವಚದ ತುದಿಗೆ ತಗುಲಿತು ಎನ್ನಿ. ಹುಲ್ಲಿನ ಮೊಳಕೆಯ ತುದಿಗೆ ಬೆಳಕಿನ ಕಣ್ಣಿದೆ ಎಂಬುದನ್ನು ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ತುದಿಗೆ ಟೋಪಿ ತೊಡಿಸಿ ನೋಡಿ 1880ರಲ್ಲೇ ಬರೆದಿದ್ದರು. ಬೆಳಕು ಕಂಡ ತುದಿ ಆಕ್ಸಿನ್ ಕಡಿಮೆ ಮಾಡುತ್ತದೆ, ಮೀಸೊಕೋಟೈಲ್ ಓಟ ನಿಲ್ಲುತ್ತದೆ, ಕವಚ ಒಡೆದು ಎಲೆ ಬಿಚ್ಚುತ್ತದೆ, ಮಣ್ಣಿನ ಕೆಳಗೇ! ಬಿಚ್ಚಿದ ಎಲೆ ಮಡಚಿ ಮುದುಡಿ ಮತ್ತೆ ಮೇಲೆ ಬರಲಾರದು. ಕೆದಕಿ ನೋಡಿದರೆ ಹಳದಿಯಾಗಿ ಸುತ್ತಿಕೊಂಡ ಎಲೆ, ಇನ್ನೂ ಅರ್ಧ ಉಳಿದ ಕಾಳು. ಬುತ್ತಿ ಇದ್ದೂ ಸತ್ತ ಸಸಿ.

ನಮ್ಮ ಸಸಿ ಉಳಿಯಿತು. ಸಂಜೆಯ ಜಿನುಗಿಗೆ ಹೆಂಚು ಮೆತ್ತಗಾಗಿ ಅರಳಿತು, ಆರನೆಯ ದಿನ ತಿಳಿಹಸಿರು ಭಲ್ಲೆ ಹೊರಗೆ. ಬೇರಿನ ತುದಿಯಿಂದ ಏರಿ ಬಂದ ಸೈಟೋಕೈನಿನ್ ಎಂಬ ಚೋದಕ ಎಲೆಯ ಕೋಶಗಳನ್ನು ಒಡೆಯಿಸಿ, ಹಸಿರುಕಣಗಳನ್ನು ಕಟ್ಟಿಸತೊಡಗಿತು. ಸಸ್ಯಗಳಿಂದ ಮೊದಲು ಶುದ್ಧಗೊಳಿಸಿದ ಸೈಟೋಕೈನಿನ್ ಸಿಕ್ಕಿದ್ದು ಮೆಕ್ಕೆಜೋಳದ ಎಳೆಗಾಳಿನಲ್ಲೇ, 1963ರಲ್ಲಿ, ಲೆಥಾಮ್ ಕೈಗೆ. ಆದರೆ ಹಸಿರಾದ ಮಾತ್ರಕ್ಕೆ ಸಂಬಳ ಶುರುವಾಗುವುದಿಲ್ಲ. ಮೂರನೆಯ ಎಲೆ ಪೂರ್ತಿ ಬಿಚ್ಚುವ ತನಕ ಮೆಕ್ಕೆಜೋಳ ತಿನ್ನುವುದು ಕಾಳಿನ ಬುತ್ತಿಯನ್ನೇ.

ಆಮೇಲೆ ಮಳೆ ಬರಲಿಲ್ಲ. ಜಗಳೂರಿಗೆ ಇದು ಹೊಸದೇನಲ್ಲ, ಬರದ ತಾಲ್ಲೂಕು ಎಂಬ ಹೆಸರು ಹೊತ್ತು, ಭದ್ರಾ ಮೇಲ್ದಂಡೆ ಯೋಜನೆಯ ನೀರಿಗೆ ಕಾಯುತ್ತಾ ಬಂದ ನೆಲ. ಎಲೆಯಂಚು ಮಧ್ಯಾಹ್ನ ಸುರುಳಿಯಾಗತೊಡಗಿತು. ಈಗ ಅಬ್ಸಿಸಿಕ್ ಆಮ್ಲ ಮರಳಿ ಬಂತು. ಎಲೆಯ ರಂಧ್ರಗಳನ್ನು ಮುಚ್ಚಿಸಿತು, ಟಾರ್ ಬಾಯಿ ಮುಚ್ಚಿಸಿತು, ಚಿಗುರಿನ ಬೆಳವಣಿಗೆಗೆ ಕೈ ಅಡ್ಡ ಹಿಡಿಯಿತು. ನೋಡುವವರಿಗೆ ಸಸಿ ಸೋತಂತೆ ಕಾಣುತ್ತದೆ. ನೆಲದೊಳಗೆ ಮಾತ್ರ ಬೇರು ಇಳಿಯುತ್ತಲೇ ಇದೆ! ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಶಾರ್ಪ್ ಬಳಗ ವರ್ಷಗಟ್ಟಲೆ ಮೆಕ್ಕೆಜೋಳದ ಮೊಳಕೆಗಳನ್ನು ಬೇಕಂತಲೇ ಬಾಯಾರಿಸಿ ನೋಡಿತು. ಚಿಗುರು ಸಂಪೂರ್ಣ ನಿಂತುಹೋಗುವಷ್ಟು ಒಣ ಮಾಧ್ಯಮದಲ್ಲೂ ಬೇರು ನಿಲ್ಲುವುದಿಲ್ಲ. ಅಬ್ಸಿಸಿಕ್ ಆಮ್ಲವಿಲ್ಲದ ಮೊಳಕೆಯಲ್ಲಿ ಬೇರೂ ನಿಲ್ಲುತ್ತದೆ, ಏಕೆಂದರೆ ಎಥಿಲೀನನ್ನು ಲಗಾಮಿನಲ್ಲಿ ಹಿಡಿಯುವವರಿಲ್ಲ. ತೆನೆಯಲ್ಲಿ ಮಲಗಿಸಿದ್ದ ಅದೇ ಚೋದಕ, ಬುತ್ತಿಯ ಕೊನೆಯ ಸಕ್ಕರೆಯನ್ನೆಲ್ಲ ಬೇರಿನ ತುದಿಗೆ ದೂಡಿ, ಕೆಳಗಿನ ತೇವ ಹುಡುಕಲು ಕಳಿಸಿದೆ. ಇನ್ನೆರಡು ಅಂಗುಲ ಕೆಳಗೆ ತಣ್ಣಗಿದೆ. ಆರಿದ್ರದ ತನಕ ಅಷ್ಟು ಸಾಕು.

ಜಗಳೂರಿನಲ್ಲಿ ಆಕಾಶ ನೋಡುತ್ತಾ ಕೂತ ಅದೇ ಮುಂಗಾರಿನಲ್ಲಿ ಹೊನ್ನಾಳಿಯ ಕಣ್ಣು ಹೊಳೆಯ ಮೇಲೆ. ತೀರ್ಥಹಳ್ಳಿ, ಶೃಂಗೇರಿ ಕಡೆ ಮಳೆ ಹಿಡಿದರೆ ಗಾಜನೂರಿನ ತುಂಗಾ ಜಲಾಶಯ ಬೇಗ ತುಂಬಿ ಗೇಟು ತೆಗೆಯುತ್ತಾರೆ. ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡ ನೀರು ಹೊನ್ನಾಳಿಯ ದಂಡೆಗೆ ಬಂದು ಬಡಿಯುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆ ಊರೊಳಗೇ ಬಂದಿತ್ತು. ದಂಡೆಯ ಗದ್ದೆಗಳಲ್ಲಿ, ಗೋಣಿಚೀಲದಲ್ಲಿ ನೆನೆಸಿ ಮೊಳಕೆ ಬರಿಸಿ ಚೆಲ್ಲಿದ ಭತ್ತದ ಮೇಲೆ ಒಂದು ರಾತ್ರಿಯಲ್ಲಿ ಮೊಣಕಾಲುದ್ದ ನೀರು ನಿಂತಿತು ಎಂದುಕೊಳ್ಳಿ.

ನೀರಿಲ್ಲದೆ ಸಾಯುವುದು ನಿಧಾನ. ನೀರೊಳಗೆ ಸಾಯುವುದು ಬೇಗ. ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಆಮ್ಲಜನಕ ನೀರಿನಲ್ಲಿ ಹರಡುತ್ತದೆ. ಕೆಸರಿನಲ್ಲಿ ಹುದುಗಿದ ಭತ್ತದ ಕಾಳು ಕೆಲವೇ ಹೊತ್ತಿನಲ್ಲಿ ಇದ್ದ ಆಮ್ಲಜನಕ ಮುಗಿಸಿತು. ಆಮ್ಲಜನಕ ಇದ್ದಾಗ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಹುಟ್ಟುತ್ತಿತ್ತು. ಈಗ ಹುದುಗುವಿಕೆಯೊಂದೇ ದಾರಿ, ಹುಟ್ಟುವುದು 2. ಸಂಬಳ ಹದಿನೈದರಲ್ಲಿ ಒಂದು ಪಾಲಿಗೆ ಇಳಿಯಿತು. ಮೇಲಾಗಿ ಮದ್ಯಸಾರದ ಕಸ ಬೇರೆ. ಇಂಥಲ್ಲಿ ಜಗಳೂರಿನ ಮೆಕ್ಕೆಜೋಳ ಬಹಳ ದಿನ ತಾಳದು, ಪಿಷ್ಟ ತುಂಬಿಕೊಂಡೇ ಕೊಳೆಯುತ್ತದೆ. ಗಂಟು ಬಿಚ್ಚಲು ಅದಕ್ಕೆ ಬರುವುದಿಲ್ಲ.

ಭತ್ತಕ್ಕೆ ಬರುತ್ತದೆ. ಈ ಗಾಥೆಯಲ್ಲಿ ನನಗೆ ಅತಿ ಬೆರಗು ಹುಟ್ಟಿಸುವ ತಿರುವು ಇದೇ. ಜಿಬ್ಬರೆಲಿನ್ ತಯಾರಾಗಲು ಆಮ್ಲಜನಕ ಬೇಕು. ಅದಿಲ್ಲದ ಕೆಸರಿನಲ್ಲಿ ಅಪ್ಪಣೆ ಕೊಡುವ ಚೋದಕವೇ ಗೈರುಹಾಜರು. ಹಾಗಾದರೆ ಅಮೈಲೇಸ್ ತಯಾರಿಸು ಎಂದು ಹೇಳುವವರು ಯಾರು? ಹಸಿವು. ಸಕ್ಕರೆ ತಳ ಮುಟ್ಟಿತು, ಉಸಿರು ಕಟ್ಟಿತು ಎಂಬ ಎರಡು ಸುದ್ದಿಗಳನ್ನು ಸಿಐಪಿಕೆ-15 ಎಂಬ ಕಿಣ್ವ ಹಿಡಿದು ಸ್ನರ್ಕ್-1ಕ್ಕೆ ಮುಟ್ಟಿಸುತ್ತದೆ. ಆ ಬರಗಾಲದ ಕಾರುಬಾರಿ ಬೇರೊಂದು ಅಮೈಲೇಸ್ ಜೀನನ್ನು ತೆರೆಯುತ್ತದೆ. ತೈವಾನಿನ ಸು-ಮೇ ಯು ಪ್ರಯೋಗಾಲಯ 2009ರಲ್ಲಿ ಈ ಹಾದಿಯನ್ನು ಬಿಡಿಸಿತು. ಅಧಿಕಾರಿ ಇಲ್ಲದ ಕಚೇರಿಯಲ್ಲಿ ಕೆಲಸ ನಿಲ್ಲಲಿಲ್ಲ.

ಹಾಗೆ ಸಿಕ್ಕಿದ ಎರಡೆರಡು ಎಟಿಪಿಯನ್ನು ಭತ್ತ ಎಲ್ಲಿಗೆ ಹಾಕುತ್ತದೆ? ಬೇರಿಗೆ ಒಂದು ಕಾಸಿಲ್ಲ. ಎಲೆಗೆ ಇಲ್ಲ. ಎಲ್ಲವೂ ಕವಚದ ಉದ್ದಕ್ಕೆ. ನೀರು ನಿಂತ ಗದ್ದೆಯಿಂದ ಎತ್ತಿ ನೋಡಿದರೆ ಬೇರಿಲ್ಲದ ಕಾಳಿನಿಂದ ನೂಲಿನಂಥ ಬಿಳಿ ಎಳೆಯೊಂದು ನೆಟ್ಟಗೆ ಮೇಲಕ್ಕೆ ಹೋಗಿರುತ್ತದೆ. ಟೊಳ್ಳು ಕೊಳವೆ ಅದು. ತುದಿ ಎಂದು ಗಾಳಿ ಮುಟ್ಟುತ್ತದೋ ಅಂದು ಆಮ್ಲಜನಕ ಕೊಳವೆಯೊಳಗೆ ಇಳಿಯುತ್ತದೆ, ಮೈಟೊಕಾಂಡ್ರಿಯ ಮತ್ತೆ 30ರ ಲೆಕ್ಕಕ್ಕೆ ಬರುತ್ತದೆ, ಬೇರು ಆಗ ಹೊರಡುತ್ತದೆ. ಮುಟ್ಟದಿದ್ದರೆ ಎಳೆ ಅಲ್ಲೇ ಕಂದುತ್ತದೆ.

ನಾಲ್ಕೆಲೆ ಬಂದ ಸಸಿಮಡಿ ಮುಳುಗಿದರೆ ಆಟ ಬೇರೆ. ಅಲ್ಲಿ ಅಲ್ಪಸ್ವಲ್ಪ ಆಮ್ಲಜನಕವಿದೆ, ಹಾಗಾಗಿ ಎಥಿಲೀನ್ ಹುಟ್ಟುತ್ತದೆ, ನೀರಿನಿಂದ ಆಚೆ ಹೋಗಲಾರದೆ ಎಲೆಯೊಳಗೇ ತುಂಬುತ್ತದೆ. ಎಥಿಲೀನ್ ತುಂಬಿತೆಂದರೆ ಅಬ್ಸಿಸಿಕ್ ಆಮ್ಲ ಇಳಿದು ಜಿಬ್ಬರೆಲಿನ್ ಏರುತ್ತದೆ, ಸಸಿ ಮೇಲಕ್ಕೆ ಓಡತೊಡಗುತ್ತದೆ. ಇದು ಜೂಜು. ನೀರು ಬೇಗ ಮುಗಿಯುವ ಆಳದ್ದಾದರೆ ತಲೆ ಹೊರಬಂದು ಗೆಲುವು. ಹೊಳೆ ಇಳಿಯದೆ ವಾರ ನಿಂತರೆ, ಓಡಿ ಓಡಿ ಇದ್ದ ಸಕ್ಕರೆಯೆಲ್ಲ ಕರಗಿ, ನೀರು ಇಳಿದ ದಿನ ಸೊರಗಿದ ಸಸಿ ಕೆಸರಿಗೆ ಒರಗುತ್ತದೆ. ಒಡಿಶಾದ ರೈತರ ಕೈಯಲ್ಲಿದ್ದ ಎಫ್‌ಆರ್-13ಎ ಎಂಬ ನಾಡತಳಿ ಈ ಜೂಜಾಡುವುದಿಲ್ಲ. ಅದರಲ್ಲಿರುವ ಸಬ್-1ಎ ಜೀನು ಎಥಿಲೀನಿನ ಮಾತನ್ನು ತಿರುಗಿಸಿ ಜಿಬ್ಬರೆಲಿನ್ ಕೈ ಕಟ್ಟುತ್ತದೆ. ಸಸಿ ಉಸಿರು ಬಿಗಿಹಿಡಿದು, ಸಕ್ಕರೆ ಮುಟ್ಟದೆ ಕೂರುತ್ತದೆ. ಎರಡು ವಾರ ಮುಳುಗಿದ್ದರೂ ನೀರಿಳಿದ ಮೇಲೆ ಚಿಗುರುತ್ತದೆ. ಪಮೇಲಾ ರೊನಾಲ್ಡ್, ಡೇವಿಡ್ ಮ್ಯಾಕಿಲ್ ತಂಡಗಳು 2006ರಲ್ಲಿ ಆ ಜೀನು ಗುರುತಿಸಿದವು. ಅದನ್ನು ಕೂಡಿಸಿದ ಸ್ವರ್ಣ ಸಬ್-1 ತಳಿ 2009ರಲ್ಲಿ ಭಾರತದ ಗದ್ದೆಗಿಳಿಯಿತು.

ಓಡುವ ಅಪ್ಪಣೆ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಪ್ರವಾಹವೇ ಬೇಕಿಲ್ಲ. ಜಪಾನೀ ರೈತರು ‘ಬಕಾನೆ’, ಅಂದರೆ ಪೆದ್ದು ಸಸಿ, ಎಂದು ಕರೆಯುತ್ತಿದ್ದ ರೋಗದಲ್ಲಿ ಭತ್ತದ ಸಸಿ ಉಳಿದವಕ್ಕಿಂತ ಎತ್ತರಕ್ಕೆ, ತೆಳ್ಳಗೆ, ಪೇಲವವಾಗಿ ಜಿಗಿದು, ಬಾಗಿ, ಕಾಳು ಕಟ್ಟದೆ ಸಾಯುತ್ತದೆ. 1926ರಲ್ಲಿ ತೈವಾನಿನಲ್ಲಿ ಎಯಿಚಿ ಕುರೊಸಾವ ಆ ರೋಗ ತರುವ ಶಿಲೀಂಧ್ರ ಬೆಳೆದ ದ್ರವವನ್ನಷ್ಟೇ ಸಸಿಗೆ ಕೊಟ್ಟು ಅದೇ ಪೆದ್ದುತನ ತರಿಸಿದರು. ಆ ದ್ರವದಲ್ಲಿದ್ದದ್ದೇ ಜಿಬ್ಬರೆಲಿನ್. ಜಗತ್ತಿಗೆ ಅದರ ಪರಿಚಯವಾದದ್ದು ಕೊಲೆಗಾರನಾಗಿ.

ಚನ್ನಗಿರಿಯಲ್ಲಿ ಯಾರೂ ಓಡುತ್ತಿಲ್ಲ. ಸೂಳೆಕೆರೆಯ ಆಸುಪಾಸಿನಲ್ಲೂ ಭದ್ರಾ ನಾಲೆಯ ಕೆಳಗೂ ಹಬ್ಬಿರುವ ತೋಟಗಳ ನೆರಳಿನಲ್ಲಿ, ಮರಳಿನ ಮಡಿಯೊಳಗೆ, ತೊಟ್ಟಿನ ಭಾಗ ಮೇಲಾಗಿ ಹೂತ ಹಣ್ಣಡಿಕೆ ಸುಮ್ಮನೆ ಕೂತಿದೆ. ನೀರಿಗೆ ಹಾಕಿದಾಗ ತೊಟ್ಟು ಮೇಲಾಗಿ ನೆಟ್ಟಗೆ ತೇಲಿದ್ದನ್ನೇ ಆರಿಸಿ ತಂದದ್ದು. ಸುಮಾರು 40 ದಿನದ ಹೊತ್ತಿಗೆ ಮೊದಲ ಮೊಳಕೆ, ಎಲ್ಲವೂ ಏಳಲು ಮೂರು ತಿಂಗಳು. ಅದರ ಬುತ್ತಿ ಬಿಚ್ಚುವುದೇ ಕಷ್ಟ. ಮೆಕ್ಕೆಜೋಳದ್ದು ಪಿಷ್ಟ, ಅಮೈಲೇಸ್ ತಾಗಿದರೆ ಕರಗುತ್ತದೆ. ಅಡಿಕೆಯ ಸಕ್ಕರೆಯ ದೊಡ್ಡ ಪಾಲು ಮನ್ನಾನ್ ರೂಪದಲ್ಲಿ ಜೀವಕೋಶದ ಗೋಡೆಗಳಲ್ಲೇ ಕೂಡಿಕೊಂಡಿದೆ. ಕತ್ತರಿಗೂ ಬಗ್ಗದ ಆ ಗಟ್ಟಿತನ ಅದರದು. ಭ್ರೂಣದಿಂದ ಹೊರಟ ಸ್ಪಂಜಿನಂಥ ಹೀರುಗೆಡ್ಡೆ ಕಾಯಿಯೊಳಗೆ ಊದುತ್ತಾ, ಗೋಡೆ ಕರಗಿಸುತ್ತಾ, ಇಂಚಿಂಚಾಗಿ ಇಡೀ ತಿರುಳನ್ನು ನುಂಗುತ್ತದೆ. ತಿಂಗಳುಗಟ್ಟಲೆ. ಹೊರಗೆ ಎರಡೆಲೆ ಬಿಚ್ಚಿದ ಮೇಲೂ ಒಳಗೆ ಊಟ ನಡೆದೇ ಇರುತ್ತದೆ. ವರ್ಷ, ಒಂದೂವರೆ ವರ್ಷ ಕಳೆದು ಆ ಸಸಿ ಗುಂಡಿ ಕಾಣುವ ಹೊತ್ತಿಗೆ ಜಗಳೂರಿನ ಹೊಲ ಮತ್ತೊಂದು ಬಿತ್ತನೆ ಕಂಡಿರುತ್ತದೆ. ಸಾಹಸಗಾಥೆಗೆ ಇಂಥ ನಾಯಕ ಹೊಂದುವುದಿಲ್ಲ. ಆದರೂ ತಾಲ್ಲೂಕಿನ ಸಾಲ, ಮದುವೆ, ಮನೆ ಎಲ್ಲ ನಡೆಯುವುದು ಇವನ ಹೆಸರಿನಲ್ಲಿ.

ನ್ಯಾಮತಿಗೆ ಬನ್ನಿ. ಸವಳಂಗದ ಹಾದಿಯ ಇಕ್ಕೆಲದಲ್ಲೂ ಮೆಕ್ಕೆಜೋಳ ಮೂರು ನಾಲ್ಕೆಲೆ ಬಿಟ್ಟು ನಿಂತಿದೆ. ಇದೇ ಅತಿ ಬಡತನದ ಘಳಿಗೆ. ಕಾಳಿನ ಬುತ್ತಿ ಮುಗಿದು ಸಿಪ್ಪೆ ಉಳಿದಿದೆ, ಎಲೆಯ ದುಡಿಮೆ ಇನ್ನೂ ಕೈಗೆ ಹತ್ತಿಲ್ಲ, ಗಿಣ್ಣಿನ ಬೇರುಗಳು ಈಗಷ್ಟೇ ಹೊರಟಿವೆ. ಸಸಿ ತುಸು ಹಳದಿಯಾಗುತ್ತದೆ, ರೈತನ ಎದೆ ಧಸಕ್ಕೆನ್ನುತ್ತದೆ, ಗೊಬ್ಬರದಂಗಡಿಯವರು “ಒಂದ್ ಟಾನಿಕ್ ಹೊಡೀರಿ” ಅನ್ನುತ್ತಾರೆ. ಬಾಟಲಿಯ ಮೇಲೆ ಶೇ 0.001 ಜಿಬ್ಬರೆಲಿಕ್ ಆಮ್ಲ ಎಂದು ಬರೆದಿರಬಹುದು, ಏನೂ ಬರೆಯದೆಯೂ ಇರಬಹುದು. ನನ್ನ ತಕರಾರು ಚೋದಕದ ಮೇಲಲ್ಲ, ದ್ರಾಕ್ಷಿಗೆ ಅದು ಕಾಳು ಹಿಗ್ಗಿಸಿಕೊಟ್ಟಿದೆ. ಬುತ್ತಿ ಬರಿದಾದವನಿಗೆ “ಓಡು” ಎಂದು ಅಪ್ಪಣೆ ಕೊಟ್ಟು ಹಣ ಈಸಿಕೊಳ್ಳುವುದರ ಮೇಲೆ. ಆ ವಾರ ಸಸಿಗೆ ಬೇಕಾದದ್ದು ಬಿಸಿಲು, ತೇವ, ಸಾಲಿನಲ್ಲಿ ಕೈಗೆಟುಕುವ ರಂಜಕ, ಸಾರಜನಕ, ಸತು. ಮತ್ತು ನಾಲ್ಕು ದಿನ.

ಆ ನಾಲ್ಕು ದಿನವೂ ಸಿಗಲಿಲ್ಲ. ರಾತ್ರಿ ಹಾರಿ ಬಂದ ಪತಂಗ ಎಲೆಯ ಮೇಲೆ ಮೊಟ್ಟೆಯ ಗುಂಪಿಟ್ಟು ಬೂದು ರೋಮ ಹೊದಿಸಿ ಹೋಯಿತು. ಫಾಲ್ ಸೈನಿಕ ಹುಳು. ಅಮೆರಿಕ ಖಂಡದ ಈ ಕೀಟ ಭಾರತದಲ್ಲಿ ಮೊದಲು ಪತ್ತೆಯಾದದ್ದು ಇಲ್ಲೇ ಪಕ್ಕದ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ, ಅಲ್ಲಿಯ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾದ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಅವರ ಕಣ್ಣಿಗೆ, ಮೆಕ್ಕೆಜೋಳದ ಮೇಲೆ. ಮರಿಗಳು ಮೊದಲು ಎಲೆಯ ಹಸಿರು ಕೆರೆದು ಗಾಜಿನ ಕಿಟಕಿಗಳಂತೆ ಮಾಡಿ, ಬಲಿತ ಮೇಲೆ ಸುಳಿಯೊಳಗೆ ಇಳಿದು ಕೂತು, ಮರದ ಹೊಟ್ಟಿನಂಥ ಹಿಕ್ಕೆಯ ಬಾಗಿಲು ಹಾಕಿಕೊಂಡವು.

ಮೊದಲ ಕಡಿತಕ್ಕೇ ಸಸಿಗೆ ಸುದ್ದಿ ಹೋಗಿದೆ. ಗಾಯವಷ್ಟೇ ಅಲ್ಲ, ಹುಳುವಿನ ಬಾಯಿನೀರಿನ ರಾಸಾಯನಿಕವನ್ನೂ ಅದು ಗುರುತಿಸುತ್ತದೆ. ಜಾಸ್ಮೋನಿಕ್ ಆಮ್ಲ ಎಂಬ ಚೋದಕ ಸರ್ರನೆ ಏರಿತು. ಅದರ ಮೊದಲ ಅಪ್ಪಣೆ: ಬೆಳೆಯುವುದನ್ನು ನಿಲ್ಲಿಸು. ಜಿಬ್ಬರೆಲಿನ್ ಮಾತು ನಡೆಯದಂತೆ ಮಾಡಿ, ಕಾಂಡ-ಎಲೆಗೆ ಹೋಗುತ್ತಿದ್ದ ಸಕ್ಕರೆಯನ್ನು ತಿರುಗಿಸಿ, ಹುಳುವಿನ ಜೀರ್ಣಶಕ್ತಿ ಕೆಡಿಸುವ ಪ್ರೋಟೀನುಗಳಿಗೆ ಹಾಕಿತು. ಕೈಯಲ್ಲಿ ಕಾಸಿಲ್ಲದ ದಿನ ಎಂಥ ಖರ್ಚು! ಎರಡನೆಯ ಅಪ್ಪಣೆ ವಾಸನೆಯದು. ಹುಳು ಮೇಯ್ದ ಮೆಕ್ಕೆಜೋಳದ ಎಳೆಸಸಿ ತನ್ನದೇ ಒಂದು ಪರಿಮಳವನ್ನು ಗಾಳಿಗೆ ಬಿಡುತ್ತದೆ, ಅದನ್ನು ಮೂಸಿ ಪರಾವಲಂಬಿ ಕಣಜಗಳು ಹುಳುವನ್ನು ಹುಡುಕಿ ಬರುತ್ತವೆ. ಟೆಡ್ ಟರ್ಲಿಂಗ್ಸ್ ಮತ್ತು ಜೊತೆಗಾರರು 1990ರಲ್ಲಿ, ಇದೇ ಬಳಗದ ಇನ್ನೊಂದು ಸೈನಿಕ ಹುಳುವನ್ನಿಟ್ಟು, ಇದನ್ನು ತೋರಿಸಿದರು.

ಮೇಲೆ ಸುಳಿ ಚಿಂದಿ. ಎಲೆಗಳಲ್ಲಿ ಸಾಲಾಗಿ ತೂತು. ಹೊಲದ ತಲೆಗೆ ನಿಂತವರು ಅಳಿಸಿ ಮತ್ತೆ ಬಿತ್ತುವುದೇ ಎಂದು ಯೋಚಿಸುತ್ತಿದ್ದಾರೆ. ಅವಸರ ಬೇಡ. ಆರನೆಯ ಎಲೆಯ ತನಕ ಮೆಕ್ಕೆಜೋಳದ ಬೆಳೆಯುವ ತುದಿ ನೆಲದ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ಸಸಿಯನ್ನು ಕಿತ್ತು ಬುಡವನ್ನು ಉಗುರಿನಿಂದ ಸೀಳಿದರೆ ಕಾಣುವ ಬಿಳಿಯ ಸೂಜಿಮೊನೆ ಅದು. ಗಟ್ಟಿಯಾಗಿ, ಬೆಳ್ಳಗಿದ್ದರೆ ಬದುಕಿದೆ. ಮೆತ್ತಗೆ ಕಂದಿದ್ದರೆ ಕಥೆ ಮುಗಿದಂತೆ. ಇದು ಬೆಳ್ಳಗಿದೆ.

ಆರಿದ್ರ ಹಿಡಿಯಿತು. ಗಿಣ್ಣಿನ ಬೇರು ಹೊಸ ನೀರಿಗೆ ತಾಗಿ ಸೈಟೋಕೈನಿನ್ ಮೇಲಕ್ಕೆ ಕಳಿಸಿತು, ಸುಳಿಯಿಂದ ಹರಿದ ಅಂಚಿನ ಎಲೆಯೊಂದು ತಳ್ಳಿಕೊಂಡು ಬಂತು, ಅದರ ಹಿಂದೆ ಹರಿಯದ ಇನ್ನೊಂದು. ಎರಡಕ್ಕೂ ಈಗ ಕಾಳಿನ ಹಂಗಿಲ್ಲ. ರೈತ ಎತ್ತು ಹೂಡಿ ಎಡೆಕುಂಟೆ ಹೊಡೆದ, ಹಿಂದೆಯೇ ಅವನ ಹೆಂಡತಿ ಸಾಲಿಗೆ ಯೂರಿಯಾ ಬಿಡುತ್ತಾ ನಡೆದಳು.